‘ಸದಾ’ ಅಲ್ಲ, ‘ಸದ’: ಹಿರೋಶಿಮಾದ ಹುಡುಗಿಯ ಹೆಸರಿನ ಅರ್ಥ

ಮಾನ್ಯ ಸಂಪಾದಕರಿಗೆ,

ವಂದನೆಗಳು.

ಹಿರೋಶಿಮಾ ದಿನದ ನಿಮಿತ್ತ ಆಗಸ್ಟ್ 6ರ ತಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಬಂದ, ಸಾವಿರ ಮಡಿಸಿದರೆ ಕೋರಿಕೆ ಈಡೇರುತ್ತದೆಂಬ ನಂಬಿಕೆಯಿಂದ ಕಾಗದದ ಕೊಕ್ಕರೆ ಮಡಿಸಿದ ಜಪಾನಿನ ಹುಡುಗಿ ಸಸಕಿ ಸದಕೊಳ ಕುರಿತ ಲೇಖನವನ್ನು ಓದಿದೆ. ಬರೆದವರ ಕಾಳಜಿಯ ಬಗ್ಗೆ ನನಗೆ ಎರಡು ಮಾತಿಲ್ಲ. ಕೊಕ್ಕರೆ ಮಡಿಸುವ ಕ್ರಮವನ್ನು ತೋರಿಸುವ ಚಿತ್ರಗಳೂ ಅಚ್ಚುಕಟ್ಟಾಗಿದ್ದವು. ಆದರೆ ಲೇಖನದ ನಡುವೆ ಹಳದಿ ಚೌಕದೊಳಗೆ ‘ನಿಮಗಿದು ಗೊತ್ತೆ?’ ಎಂಬ ತಲೆಬರಹದಡಿ ಹಾಕಿದ್ದ ಮೂರು ಸಾಲುಗಳನ್ನು ಓದಿ ಸುಮ್ಮನಿರಲಾರದೆ ಈ ಪತ್ರ ಬರೆಯುತ್ತಿದ್ದೇನೆ. ‘ಸಡಾಕೋ’ ಎಂಬ ಹೆಸರು ಸಂಸ್ಕೃತದ ‘ಸದಾ’ ಎಂಬುದರಿಂದ ಬಂದದ್ದು, ಬೌದ್ಧ ಧರ್ಮದ ಜೊತೆಗೆ ಅದು ಜಪಾನಿಗೆ ಹೋಯಿತು, ‘ಎಂದೆಂದಿಗೂ ಬಾಳುವವಳು’ ಎಂದು ಅದರ ಅರ್ಥ ಎಂದು ಅಲ್ಲಿ ಅಚ್ಚಾಗಿದೆ. ಮೂರಕ್ಕೆ ಮೂರೂ ತಪ್ಪು.

ದೊಡ್ಡವರು ಪತ್ರಿಕೆಯನ್ನು ಓದಿ ಮಡಚಿಡುತ್ತಾರೆ. ಮಕ್ಕಳು ಹಾಗಲ್ಲ, ಕತ್ತರಿಸಿ ಚಾರ್ಟಿಗೆ ಅಂಟಿಸುತ್ತಾರೆ. ಲೇಖನ ಬಂದ ಎರಡನೆಯ ದಿನವೇ ನಮ್ಮ ಪಕ್ಕದ ಮನೆಯ, ಆರನೆಯ ತರಗತಿಯ ಹುಡುಗಿ ಆ ಹಳದಿ ಚೌಕವನ್ನು ಒಪ್ಪವಾಗಿ ಕತ್ತರಿಸಿ ತಂದು, ‘ಆಂಟಿ, ಇವಳ ಹೆಸರನ್ನು ಜಪಾನಿ ಅಕ್ಷರದಲ್ಲಿ ಬರೆದುಕೊಡಿ, ಚಾರ್ಟಿನ ಮಧ್ಯದಲ್ಲಿ ಬರಬೇಕು’ ಎಂದಳು. ನಾನು ಜಪಾನಿ ಭಾಷೆಯನ್ನು ಕಲಿಸಿ, ಅದರಿಂದ ಅನುವಾದ ಮಾಡಿ ಬದುಕುವವಳೆಂದು ನಮ್ಮ ಬೀದಿಗೆಲ್ಲ ಗೊತ್ತು. ಬರೆದುಕೊಟ್ಟೆ. ಬರೆದ ಮೇಲೆ, ‘ಇದರಲ್ಲಿ ಸದಾ ಯಾವುದು, ಕೋ ಯಾವುದು?’ ಎಂದು ಅವಳು ಕೇಳಿದಾಗ ಅಂಟಿಸಲು ತಂದಿದ್ದ ಚೌಕವನ್ನು ಪಕ್ಕಕ್ಕಿಡಿಸಿ ಕೂರಿಸಿಕೊಂಡು ವಿವರಿಸಬೇಕಾಯಿತು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತೇನೆ.

ಮೊದಲು ನನ್ನದೇ ಒಂದು ತಪ್ಪೊಪ್ಪಿಗೆ. ಜಪಾನಿ ಕಲಿಯಲು ಶುರುಮಾಡಿದ ಎರಡನೆಯ ವರ್ಷದಲ್ಲಿ, ಅರ್ಧ ಕಲಿತವರಿಗೆ ಇರುವ ಧೈರ್ಯದಿಂದ, ನಾನೂ ಒಂದು ಶಾಲೆಯ ಮಕ್ಕಳ ಮುಂದೆ ನಿಂತು ‘ಸದಾನಂದ, ಸದಾಶಿವ ಇದ್ದ ಹಾಗೆ ಸದಾಕೊ’ ಎಂದು ಹೇಳಿದ್ದೆ. ಸಭೆಯಲ್ಲಿದ್ದ ಒಬ್ಬ ಹಿರಿಯ ಜಪಾನಿ ಮಹಿಳೆ ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದು, ತಪ್ಪೆಂದು ಹೇಳದೆ, ‘ದೊನ್ನ ಜಿ ದೆಸು ಕ?’ ಎಂದಷ್ಟೇ ಕೇಳಿದರು. ‘ಅದು ಯಾವ ಅಕ್ಷರ?’ ಎಂದರ್ಥ. ನನ್ನಲ್ಲಿ ಉತ್ತರವಿರಲಿಲ್ಲ. ಅವರು ತಮ್ಮ ಎಡ ಅಂಗೈಯನ್ನು ಚಾಚಿ ಬಲಗೈ ತೋರುಬೆರಳಿನಿಂದ ಅದರ ಮೇಲೆ ಒಂದರ ಹಿಂದೊಂದು ಗೆರೆ ಎಳೆದು ತೋರಿಸಿದರು. ನೋಡುತ್ತಿದ್ದಂತೆಯೇ ಗೆರೆಗಳು ಗಾಳಿಯಲ್ಲಿ ಮಾಯವಾದವು, ನನಗೆ ತಲೆಬುಡ ತಿಳಿಯಲಿಲ್ಲ. ಆದರೆ ಜಪಾನಿ ಹೆಸರಿನ ಅರ್ಥ ಕೇಳುವ ಮೊದಲು ಏನು ಕೇಳಬೇಕೆಂಬುದು ಅಂದು ತಿಳಿಯಿತು.

ನಮ್ಮಲ್ಲಿ ಹೊಸಬರು ಹೆಸರು ಹೇಳಿದರೆ ‘ಯಾವ ಊರು, ಯಾರ ಪೈಕಿ?’ ಎಂದು ಕೇಳುವಷ್ಟು ಸಹಜವಾಗಿ ಜಪಾನಿನಲ್ಲಿ ‘ಯಾವ ಅಕ್ಷರ?’ ಎಂದು ಕೇಳುತ್ತಾರೆ. ಕಾರಣ ಸರಳ. ಕನ್ನಡದಲ್ಲಿ ಅಕ್ಷರವೆಂದರೆ ಧ್ವನಿಯ ಗುರುತು. ಕೇಳಿದ ಹೆಸರನ್ನು ಯಾರು ಬೇಕಾದರೂ ಬರೆಯಬಹುದು. ಜಪಾನಿನಲ್ಲಿ ಹೆಸರುಗಳನ್ನು ಬರೆಯುವುದು ಹೆಚ್ಚಾಗಿ ಕಂಜಿಗಳಲ್ಲಿ, ಅಂದರೆ ಚೀನಾದಿಂದ ಬಂದ, ಒಂದೊಂದಕ್ಕೂ ತನ್ನದೇ ಅರ್ಥವಿರುವ ಅಕ್ಷರಗಳಲ್ಲಿ. ಒಂದೇ ಉಚ್ಚಾರಣೆಗೆ ಹತ್ತಾರು ಕಂಜಿಗಳು, ಒಂದೇ ಕಂಜಿಗೆ ನಾಲ್ಕಾರು ಉಚ್ಚಾರಣೆಗಳು. ಆದ್ದರಿಂದ ಹೆಸರಿನ ಅರ್ಥ ಕಿವಿಗೆ ಬಿದ್ದ ಸದ್ದಿನಲ್ಲಿರುವುದಕ್ಕಿಂತ ತಂದೆ ತಾಯಿ ಆರಿಸಿದ ಕಂಜಿಯಲ್ಲಿರುತ್ತದೆ. ‘ಯುಕಿ’ ಎಂಬ ಹುಡುಗಿಯ ಹೆಸರು ಒಂದು ಮನೆಯಲ್ಲಿ ಹಿಮ, ಇನ್ನೊಂದು ಮನೆಯಲ್ಲಿ ಸುಖ. ಕುಟುಂಬ ನೋಂದಣಿ ಪುಸ್ತಕದಲ್ಲಿ ಕೂಡ ಇತ್ತೀಚಿನವರೆಗೆ ಕಂಜಿಯನ್ನಷ್ಟೇ ದಾಖಲಿಸುತ್ತಿದ್ದರು. ಅದನ್ನು ಹೇಗೆ ಓದಬೇಕೆಂಬುದನ್ನೂ ಸೇರಿಸುವ ಕಾನೂನು ಜಾರಿಗೆ ಬಂದದ್ದು 2025ರ ಮೇ 26ರಿಂದ.

ಹೀಗಾಗಿ ‘ಸದಕೊ’ ಎಂಬುದು ಒಂದು ಹೆಸರಲ್ಲ, ಹಲವು ಹೆಸರುಗಳು. ಸಾವಿರ ವರ್ಷಗಳ ಹಿಂದೆ ಇಚಿಜೊ ಚಕ್ರವರ್ತಿಯ ಪಟ್ಟದರಸಿಯಾಗಿದ್ದವಳ ಹೆಸರಿನಲ್ಲಿ ‘ನಿಶ್ಚಯ, ಸ್ಥಿರ’ ಎಂಬರ್ಥದ ಕಂಜಿ ಇದೆ. ಆ ಕಾಲದಲ್ಲಿ ಅದನ್ನು ಹೇಗೆ ಉಚ್ಚರಿಸುತ್ತಿದ್ದರೆಂಬ ದಾಖಲೆ ಇಲ್ಲವಾದ್ದರಿಂದ ವಿದ್ವಾಂಸರು ಚೀನೀ ರೀತಿಯಲ್ಲಿ ‘ತೇಶಿ’ ಎಂದು ಓದುತ್ತಾರೆ. 1991ರಿಂದ 2000ದವರೆಗೆ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಆಗಿದ್ದ ಒಗತ ಸದಕೊ ಅವರ ಹೆಸರಿನಲ್ಲಿ ಇರುವುದು ‘ನಿಷ್ಠೆ, ಶೀಲ’ ಎಂಬರ್ಥದ ಕಂಜಿ. 1998ರಲ್ಲಿ ತೆರೆಗೆ ಬಂದ ಒಂದು ದೆವ್ವದ ಚಲನಚಿತ್ರದ ಪ್ರೇತಕ್ಕೂ ಇದೇ ಕಂಜಿಯ ಹೆಸರಿಟ್ಟದ್ದರಿಂದ ಇಂದಿನ ಜಪಾನಿ ಮಕ್ಕಳಿಗೆ ಸದಕೊ ಎಂದರೆ ಮೊದಲು ನೆನಪಾಗುವುದು ಕೂದಲು ಕೆದರಿಕೊಂಡು ಬರುವ ಹೆಣ್ಣು ದೆವ್ವ ಎಂಬುದು ಬೇರೆ ಮಾತು. ಮಗುವಿಗೆ ಹೆಸರು ಹುಡುಕಿಕೊಡುವ ಜಾಲತಾಣಗಳು ಸದಕೊ ಎಂದರೆ ‘ಪರಿಶುದ್ಧ ಮಗು’ ಎಂದು ಬರೆಯುವುದು ಈ ಕಂಜಿಯನ್ನು ಹಿಡಿದು. ಅದೂ ನಮ್ಮ ಹುಡುಗಿಯದಲ್ಲ.

ಹಿರೋಶಿಮಾದ ಹುಡುಗಿಯ ಹೆಸರಿನ ಕಂಜಿ ಬೇರೆ. ಹದಿಮೂರು ಗೆರೆಗಳ ಅಕ್ಷರ ಅದು, ಎಡ ಬಲ ಎಂದು ಎರಡು ಭಾಗ. ಎಡಭಾಗದ ನಾಲ್ಕು ಗೆರೆಗಳು ದೇವರಿಗೆ ಕಾಣಿಕೆ ಇಡುವ ಪೀಠದ ಗುರುತು. ದೇಗುಲ, ಪ್ರಾರ್ಥನೆ, ಹರಕೆಗಳಿಗೆ ಸಂಬಂಧಿಸಿದ ಅನೇಕ ಅಕ್ಷರಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಬಲಭಾಗದ ಒಂಬತ್ತು ಗೆರೆಗಳು ಬಿಡಿಯಾಗಿ ನಿಂತರೆ ನಾನು ಈಗ ತಾನೆ ಹೇಳಿದ ‘ನಿಷ್ಠೆ’ಯ ಕಂಜಿಯೇ, ಆದರೆ ಅದರ ಹುಟ್ಟಿನ ಅರ್ಥ ನಿಷ್ಠೆಯಲ್ಲ, ಶಕುನ ಕೇಳುವುದು. ಮೂರು ಸಾವಿರ ವರ್ಷಗಳ ಹಿಂದೆ ಚೀನಾದ ಶಾಂಗ್ ರಾಜರು ಆಮೆಯ ಚಿಪ್ಪಿಗೋ ಎತ್ತಿನ ಹೆಗಲ ಮೂಳೆಗೋ ಕಾವು ತಾಕಿಸಿ, ಅದು ಚಟಕ್ಕನೆ ಬಿರಿದಾಗ ಮೂಡುವ ಸೀಳನ್ನು ನೋಡಿ ಮಳೆ ಬರುವುದೆ, ಯುದ್ಧಕ್ಕೆ ಹೋಗಬಹುದೆ, ಹುಟ್ಟುವ ಮಗು ಗಂಡೆ ಎಂದು ದೈವವನ್ನು ಕೇಳುತ್ತಿದ್ದರು. ಅಕ್ಷರದ ನೆತ್ತಿಯ ಮೇಲಿರುವ ಎರಡು ಪುಟ್ಟ ಗೆರೆಗಳು ಆ ಸೀಳಿನ ಚಿತ್ರ. ಕೇಳುವ ಆ ಗುರುತಿನ ಪಕ್ಕದಲ್ಲಿ ದೇವಪೀಠವನ್ನು ನಿಲ್ಲಿಸಿದರೆ ಬರುವ ಅರ್ಥ ‘ಶುಭಶಕುನ, ದೈವ ಕೊಟ್ಟ ಮಂಗಳದ ಸೂಚನೆ’.

ಪಕ್ಕದ ಮನೆಯ ಹುಡುಗಿಗೆ ಇದನ್ನು ಹೇಗೆ ಹೇಳುವುದೆಂದು ಯೋಚಿಸಿ, ಅವಳ ಅಜ್ಜಿ ಮದುವೆ ಮಾತುಕತೆಗೆ ಮುಂಚೆ ದೇವಸ್ಥಾನಕ್ಕೆ ಹೋಗಿ ಹೂಪ್ರಸಾದ ಕೇಳುವುದನ್ನು ನೆನಪಿಸಿದೆ. ‘ಬಲಗಡೆಯ ಹೂ ಬಿದ್ದರೆ ಅಜ್ಜಿಯ ಮುಖ ಹೇಗಾಗುತ್ತದೆ ನೋಡಿದ್ದೀಯಲ್ಲ, ಆ ಬಲಗಡೆಯ ಹೂವೇ ಈ ಅಕ್ಷರ’ ಎಂದೆ. ಅವಳಿಗೆ ತಕ್ಷಣ ಅರ್ಥವಾಯಿತು. ಒಂದೇ ಪದದಲ್ಲಿ ಹೇಳಬೇಕಾದರೆ ನಮ್ಮ ‘ಶುಭಾ’ ಎಂಬ ಹೆಸರು ಇದಕ್ಕೆ ಹತ್ತಿರ. ‘ಎಂದೆಂದಿಗೂ ಬಾಳುವವಳು’ ಎಂಬುದು ಈ ಅಕ್ಷರದಲ್ಲಿ ಎಲ್ಲಿಯೂ ಇಲ್ಲ.

ಇನ್ನು ‘ಕೊ’. ಇದು ಮಗು ಎಂಬರ್ಥದ, ಕೇವಲ ಮೂರು ಗೆರೆಗಳ ಕಂಜಿ. ಇದನ್ನು ಹೆಣ್ಣು ಹೆಸರಿನ ಪ್ರತ್ಯಯವೆಂದು, ನಮ್ಮ ‘ಅಮ್ಮ’, ‘ಅಕ್ಕ’ಗಳ ಹಾಗೆ, ಎಲ್ಲರೂ ತಿಳಿದಿದ್ದಾರೆ, ಈಗಿನ ಮಟ್ಟಿಗೆ ಅದು ಸರಿಯೂ ಹೌದು. ಆದರೆ ಇದರ ಚರಿತ್ರೆ ಸೊಗಸಾದದ್ದು. ಚೀನಾದಲ್ಲಿ ಇದೇ ಅಕ್ಷರ ಗುರುಗಳ ಹೆಸರಿನ ಕೊನೆಗೆ ಬರುವ ಗೌರವಸೂಚಕ. ಕನ್ಫ್ಯೂಷಿಯಸನ ಚೀನೀ ಹೆಸರಿನ ಕೊನೆಯಲ್ಲಿ ಇರುವುದೂ ಅದೇ. ಜಪಾನಿನ ಹಳೆಯ ಕಾಲದಲ್ಲಿ ಗಂಡಸರೂ ಇದನ್ನು ಇಟ್ಟುಕೊಳ್ಳುತ್ತಿದ್ದರು: 607ರಲ್ಲಿ ಚೀನಾದ ಸುಯಿ ದೊರೆಗಳ ಆಸ್ಥಾನಕ್ಕೆ ರಾಯಭಾರಿಯಾಗಿ ಹೋದ ಒನೊ ನೊ ಇಮೊಕೊ ಗಂಡಸು, ಅದೇ ಕಾಲದ ಬಲಾಢ್ಯ ಮಂತ್ರಿ ಸೊಗ ನೊ ಉಮಕೊ ಸಹ ಗಂಡಸು. 9ನೆಯ ಶತಮಾನದ ಆದಿಯಲ್ಲಿ, ಸಗ ಚಕ್ರವರ್ತಿಯ ಕಾಲದಿಂದ ಈಚೆಗೆ, ಇದು ಅರಮನೆಯ ಹೆಣ್ಣುಮಕ್ಕಳ ಹೆಸರಿನ ಗುರುತಾಗಿ ನೆಲೆನಿಂತಿತು. ರೈತರ, ಕುಶಲಕರ್ಮಿಗಳ ಮನೆಯ ಹೆಣ್ಣಿಗೆ ‘ಕೊ’ ಸಲ್ಲುತ್ತಿರಲಿಲ್ಲ. ಆಡಳಿತ ಸೇನಾಧಿಪತಿಗಳಿಂದ ಚಕ್ರವರ್ತಿಗೆ ಮರಳಿದ 1868ರ ಮೇಜಿ ಬದಲಾವಣೆಯ ನಂತರವೇ ಅದು ಮೆಲ್ಲಗೆ ಕೆಳಗಿಳಿದು ಬಂದು, 20ನೆಯ ಶತಮಾನದ ಮೊದಲರ್ಧದಲ್ಲಿ ಊರೆಲ್ಲ ಹರಡಿ, ಶಾಲೆಯ ಹಾಜರಿ ಪುಸ್ತಕದಲ್ಲಿ ಹುಡುಗಿಯರ ಸಾಲೆಲ್ಲ ‘ಕೊ, ಕೊ’ ಎನ್ನುವಂತಾಯಿತು. ಕ್ಷೌರದಂಗಡಿ ಇಟ್ಟುಕೊಂಡಿದ್ದ ಸಸಕಿ ದಂಪತಿ 1943ರ ಜನವರಿ 7ರಂದು ಹುಟ್ಟಿದ ತಮ್ಮ ಮಗಳಿಗೆ ಸದಕೊ ಎಂದು ಹೆಸರಿಡಲು ಸಾಧ್ಯವಾದದ್ದೇ ಈ ಇಳಿದು ಬರುವಿಕೆಯಿಂದ. ಒಂದು ಶತಮಾನ ಮುಂಚೆ ಆಗಿದ್ದರೆ ಆ ಮನೆಯ ಮಗು ಬಹುಶಃ ತ್ಸುರುವೋ ಕಮೆಯೋ ಆಗಿರುತ್ತಿತ್ತು.

ತ್ಸುರು ಎಂದರೆ ಕೊಕ್ಕರೆ, ಕಮೆ ಎಂದರೆ ಆಮೆ. ಆಮೆ ಎಂದು ಹೆಣ್ಣುಮಗುವಿಗೆ ಹೆಸರೆ ಎಂದು ನಗಬಾರದು. ಕೊಕ್ಕರೆಗೆ ಸಾವಿರ ವರ್ಷ, ಆಮೆಗೆ ಹತ್ತು ಸಾವಿರ ವರ್ಷ ಆಯುಸ್ಸು ಎಂಬುದು ಅಲ್ಲಿನ ನಂಬಿಕೆ. ಇವೆರಡೂ ಮೇಜಿ ಕಾಲದ ಹಳ್ಳಿಯ ಹೆಂಗಸರಲ್ಲಿ ಧಾರಾಳವಾಗಿದ್ದ ಹೆಸರುಗಳು. ‘ನಿಲ್ಲು’ ಎಂಬರ್ಥದ ‘ತೊಮೆ’, ‘ಕಡೆಯದು’ ಎಂಬರ್ಥದ ‘ಸುಎ’ ಎಂಬ ಹೆಸರುಗಳೂ ಇದ್ದವು. ಸಾಲಾಗಿ ಮಕ್ಕಳಾದ ಮನೆಯಲ್ಲಿ ಇದೇ ಕೊನೆಯಾಗಲಿ ಎಂದು ಇಡುತ್ತಿದ್ದವು. ನಮ್ಮ ಸಾಕಮ್ಮನನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹಾಕಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪಮ್ಮ ಎಂದು ಕರೆದ ಹಾಗೆಯೇ ಜಪಾನಿನ ಸೇನಾಧಿಪತಿ ಹಿದೆಯೊಶಿ, ತಡವಾಗಿ ಹುಟ್ಟಿದ ತನ್ನ ಮಗನನ್ನು ‘ಸುತೆ’, ಅಂದರೆ ಎಸೆದದ್ದು ಎಂದು ಕರೆದ. ಕೊಕ್ಕರೆ ಮತ್ತು ಪೈನ್ ಮರಗಳನ್ನು ಕೂಡಿಸಿದ ‘ತ್ಸುರುಮತ್ಸು’ ಎಂಬ ದೀರ್ಘಾಯುಸ್ಸಿನ ಹೆಸರನ್ನೂ ಇಟ್ಟ. 1589ರಲ್ಲಿ ಹುಟ್ಟಿದ ಆ ಮಗು 1591ರಲ್ಲಿ ತೀರಿಕೊಂಡಿತು. ಎರಡನೆಯ ಮಗ ಹುಟ್ಟಿದಾಗ ಅವನಿಗೆ ಇಟ್ಟ ಮುದ್ದಿನ ಹೆಸರು ‘ಹಿರೊಇ’, ಹೆಕ್ಕಿ ತಂದದ್ದು.

ಈಗ ಸಂಸ್ಕೃತದ ವಿಷಯಕ್ಕೆ ಬರುತ್ತೇನೆ, ಲೇಖಕರನ್ನು ದಾರಿ ತಪ್ಪಿಸಿದ್ದು ಅದೇ ಆದ್ದರಿಂದ. ‘ಸದ’ ಎಂಬುದು ಅಪ್ಪಟ ಜಪಾನಿ ಮಾತು. ನಿಗದಿಪಡಿಸು ಎಂಬರ್ಥದ ‘ಸದಮೆರು’, ಖಚಿತ ಎಂಬರ್ಥದ ‘ಸದಕ’ ಎಂಬ ಪದಗಳಲ್ಲಿ ಅದು ಇಂದಿಗೂ ಇದೆ. ನಿಶ್ಚಯ, ನಿಷ್ಠೆ, ಸಂಯಮ, ಶುಭಶಕುನ ಎಂಬರ್ಥದ ಬೇರೆ ಬೇರೆ ಕಂಜಿಗಳನ್ನು ಹೆಸರುಗಳಲ್ಲಿ ‘ಸದ’ ಎಂದು ಓದುವ ರೂಢಿಯಿದೆ. ಸಂಸ್ಕೃತದ ‘ಸದಾ’ಕ್ಕೂ ಇದಕ್ಕೂ ಸದ್ದು ಹತ್ತಿರ, ಅರ್ಥವೂ ಸ್ವಲ್ಪ ಹತ್ತಿರ ಎನಿಸುವುದರಿಂದಲೇ ಬಲೆಗೆ ಬೀಳುತ್ತೇವೆ. ಇದಕ್ಕಿಂತ ದೊಡ್ಡ ಬಲೆ ಇನ್ನೊಂದಿದೆ: ಜಪಾನಿಯಲ್ಲಿ ಹೆಸರಿಗೆ ‘ನಮಎ’ ಎನ್ನುತ್ತಾರೆ. ‘ನಾಮ’ವೇ ಅಲ್ಲವೆ ಎಂದು ಕುಣಿದಾಡಬೇಕೆನಿಸುತ್ತದೆ, ಆದರೆ ಅದು ಹೆಸರು ಎಂಬರ್ಥದ ‘ನ’ ಮತ್ತು ಮುಂದೆ ಎಂಬರ್ಥದ ‘ಮಎ’ ಎಂಬ ಎರಡು ಜಪಾನಿ ಪದಗಳು ಸೇರಿ ಆದದ್ದು, ನಾಮಕ್ಕೂ ಅದಕ್ಕೂ ನೆಂಟಸ್ತಿಕೆ ಇಲ್ಲ.

ಭಾರತದಿಂದ ಜಪಾನಿಗೆ ಏನೂ ಹೋಗಿಲ್ಲವೆಂದು ನಾನು ಹೇಳುತ್ತಿಲ್ಲ. ಹೋದದ್ದು ಬೌದ್ಧ ಗ್ರಂಥಗಳ ಮೂಲಕ, ಚೀನಾದ ದಾರಿ ಹಿಡಿದು, ಚೀನೀ ಬಾಯಲ್ಲಿ ಹೊರಳಿ. ಹೀಗೆ ಹೋದ ನಮ್ಮ ಯಮ ಅಲ್ಲಿ ‘ಎಮ್ಮ’ ಆಗಿದ್ದಾನೆ. ‘ದಾನ’ವು ‘ದನ್ನ’ ಆಗಿ, ದಾನ ಕೊಡುವ ಯಜಮಾನ ಎಂಬರ್ಥದಿಂದ ಜಾರಿ ಈಗ ಗಂಡ ಎಂಬ ಅರ್ಥಕ್ಕೆ ಬಂದು ನಿಂತಿದೆ. ಹೆಣ್ಣು ಹೆಸರೇ ಬೇಕೆಂದರೆ ಬುದ್ಧನ ತಾಯಿ ಮಾಯಾದೇವಿಯ ಹೆಸರಿದೆ. ಕೋಬೆ ನಗರದ ಹಿಂದಿರುವ ಬೆಟ್ಟಕ್ಕೆ ಅವಳ ಹೆಸರಿನಿಂದಲೇ ಮಯ ಬೆಟ್ಟ ಎನ್ನುತ್ತಾರೆ, ಅದೇ ಕಂಜಿಗಳಲ್ಲಿ ಮಯ ಎಂಬ ಹೆಸರಿನ ಹುಡುಗಿಯರೂ ಇದ್ದಾರೆ. ಇದೆಲ್ಲಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ಅವರ ವರ್ಣಮಾಲೆಯ ಕ್ರಮ. ಜಪಾನಿ ಮಕ್ಕಳು ಒಂದನೆಯ ತರಗತಿಯಲ್ಲಿ ‘ಅ, ಇ, ಉ, ಎ, ಒ’ ಎಂದೂ ಆಮೇಲೆ ‘ಕ, ಸ, ತ, ನ, ಹ, ಮ, ಯ, ರ, ವ’ ಎಂದೂ ಉರುಹೊಡೆಯುತ್ತಾರೆ. ಚವರ್ಗದ ಜಾಗದಲ್ಲಿ ಸ, ಪವರ್ಗದ ಜಾಗದಲ್ಲಿ ಹ ಎಂದು ತಿಳಿದುಕೊಂಡರೆ ಇದು ನಮ್ಮದೇ ಕ್ರಮ. ಸಂಸ್ಕೃತ ಮಂತ್ರಗಳನ್ನು ಭಾರತದ ಹಳೆಯ ಸಿದ್ಧಂ ಲಿಪಿಯಲ್ಲಿ ಕಲಿತ ಬೌದ್ಧ ಭಿಕ್ಷುಗಳಿಂದ ಬಂದದ್ದು. ‘ನಿಮಗಿದು ಗೊತ್ತೆ?’ ಚೌಕಕ್ಕೆ ಇದನ್ನು ಹಾಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಹೆಸರಿನ ಕಂಜಿಗೆ ಎಷ್ಟು ಬೆಲೆ ಎನ್ನಲು ಒಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ತೈಶೊ ಚಕ್ರವರ್ತಿಯ ಪತ್ನಿಯ ಹೆಸರೂ ಸದಕೊ. ಅವರದು ಬಿದಿರಿನ ಗೆಣ್ಣು, ಸಂಯಮ ಎಂಬರ್ಥದ ಕಂಜಿ. ಅದೇ ಕಂಜಿಯನ್ನು ಸಾಮಾನ್ಯವಾಗಿ ‘ಸೆತ್ಸು’ ಎಂದು ಓದುತ್ತಾರೆ. 1928ರಲ್ಲಿ ಅವರ ಎರಡನೆಯ ಮಗ, ರಾಜಕುಮಾರ ಚಿಚಿಬು, ಮತ್ಸುದೈರ ಮನೆತನದ ಸೆತ್ಸುಕೊ ಎಂಬಾಕೆಯನ್ನು ಮದುವೆಯಾದಾಗ ಅತ್ತೆ ಸೊಸೆಯರ ಹೆಸರು ಕಿವಿಗೆ ಬೇರೆ, ಕಣ್ಣಿಗೆ ಒಂದೇ ಎಂಬ ಪೇಚು ಎದುರಾಯಿತು. ಅತ್ತೆಯ ಹೆಸರಿನ ಅಕ್ಷರಗಳನ್ನೇ ಸೊಸೆ ಇಟ್ಟುಕೊಳ್ಳುವುದು ಮರ್ಯಾದೆಯಲ್ಲವೆಂದು, ಕರೆಯುವ ಹೆಸರನ್ನು ಸೆತ್ಸುಕೊ ಎಂದೇ ಉಳಿಸಿ ಬರೆಯುವ ಕಂಜಿಗಳನ್ನು ಮಾತ್ರ ಬದಲಿಸಿದರು: ಪವಿತ್ರ ಕ್ಷೇತ್ರವಾದ ಇಸೆಯಿಂದ ‘ಸೆ’, ಆಕೆಯ ಮನೆತನದ ಊರಾದ ಐಜುವಿನ ಹೆಸರಿನಿಂದ ‘ತ್ಸು’. ಗಂಡನ ಹೆಸರು ಹೇಳದ, ಅತ್ತೆಯ ಹೆಸರಿನವಳು ಸೊಸೆಯಾಗಿ ಬಂದರೆ ಹೆಸರನ್ನೇ ಬದಲಿಸುವ ಮನೆಗಳನ್ನು ಕಂಡ ನಮಗೆ ಇದು ತಮಾಷೆಯೆನಿಸಬಾರದು.

ನಮ್ಮ ಸದಕೊ ಹುಟ್ಟಿದ ಕಾಲಕ್ಕೆ ಮರಳುತ್ತೇನೆ. ಅದು ಯುದ್ಧದ ನಡುಗಾಲ. ಗಂಡುಮಕ್ಕಳಿಗೆ ಗೆಲುವು ಎಂಬರ್ಥದ ‘ಮಸರು’ ಎಂಬ ಹೆಸರು ಬಹಳ ಚಾಲ್ತಿಯಲ್ಲಿತ್ತು. ಹೆಣ್ಣುಮಕ್ಕಳಲ್ಲಿ ‘ಕಜುಕೊ’ಗಳು ತುಂಬಿದ್ದರು, ಅದರ ಕಂಜಿಯ ಅರ್ಥ ಶಾಂತಿ, ಸಾಮರಸ್ಯ. ಆಗಿನ ಶೋವಾ ಎಂಬ ಕಾಲಮಾನದ ಹೆಸರಿನ ಎರಡನೆಯ ಅಕ್ಷರವೂ ಅದೇ ಆಗಿದ್ದರಿಂದ ಆ ಹೆಸರಿಗೆ ಅಷ್ಟು ಬೇಡಿಕೆ. ಮನೆಯಲ್ಲಿ ಗೆಲುವು ಮತ್ತು ಶಾಂತಿ ಎಂಬ ಅಣ್ಣ ತಂಗಿಯರು ಆಡಿಕೊಂಡಿದ್ದ ಆ ದಿನಗಳಲ್ಲಿ ಸಸಕಿ ದಂಪತಿ ಇವೆರಡನ್ನೂ ಬಿಟ್ಟು, ಅಷ್ಟೇನೂ ಸಾಮಾನ್ಯವಲ್ಲದ ಶುಭಶಕುನವನ್ನು ಆರಿಸಿಕೊಂಡರು. 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಬಾಂಬು ಬಿದ್ದಾಗ ಮಗುವಿಗೆ ಎರಡೂವರೆ ವರ್ಷ; ಮನೆ ಇದ್ದದ್ದು ಸ್ಫೋಟದ ಕೇಂದ್ರದಿಂದ ಸುಮಾರು 1.6 ಕಿಲೋಮೀಟರ್ ದೂರದಲ್ಲಿ. ಮೈಮೇಲೆ ಗಾಯವಿರಲಿಲ್ಲ. ಓಡಿಹೋಗುವಾಗ, ಬಾಂಬಿನ ವಿಕಿರಣದ ಬೂದಿ ಬೆರೆತು ಸುರಿದ ಕಪ್ಪು ಮಳೆಯಲ್ಲಿ ನೆನೆದಳು. ಬೆಳೆದು ಶಾಲೆಯ ರಿಲೇ ಓಟದ ತಂಡದಲ್ಲಿ ಓಡಿದಳು. 1955ರ ಫೆಬ್ರುವರಿ 21ರಂದು ರಕ್ತದ ಕ್ಯಾನ್ಸರ್‌ನಿಂದಾಗಿ ಹಿರೋಶಿಮಾದ ರೆಡ್ ಕ್ರಾಸ್ ಆಸ್ಪತ್ರೆಗೆ ಸೇರಿ, ಅದೇ ವರ್ಷದ ಅಕ್ಟೋಬರ್ 25ರಂದು, ಹನ್ನೆರಡನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದಳು.

ಈ ನಡುವೆ ಆಕೆಯ ಹೆಸರಿನ ಅಕ್ಷರಕ್ಕೂ ಒಂದು ಗಂಡಾಂತರ ಬಂದು ಹೋಗಿತ್ತು, ಇದನ್ನು ನಾನು ಯಾವ ಕನ್ನಡ ಬರಹದಲ್ಲಿಯೂ ಕಂಡಿಲ್ಲ. ಯುದ್ಧ ಮುಗಿದ ಮೇಲೆ ಬರವಣಿಗೆಯನ್ನು ಸರಳಗೊಳಿಸಲು ಜಪಾನ್ ಸರ್ಕಾರ 1946ರಲ್ಲಿ 1,850 ಕಂಜಿಗಳ ಪಟ್ಟಿ ಮಾಡಿತು. 1948ರ ಜನವರಿ 1ರಿಂದ ಜಾರಿಗೆ ಬಂದ ಕುಟುಂಬ ನೋಂದಣಿ ಕಾಯಿದೆಯ ಪ್ರಕಾರ, ಹೊಸದಾಗಿ ಹುಟ್ಟಿದ ಮಗುವಿನ ಹೆಸರಿನಲ್ಲಿ ಕಂಜಿ ಇರುವುದಾದರೆ ಅದು ಆ ಪಟ್ಟಿಯೊಳಗಿನದೇ ಆಗಿರಬೇಕು. ಸದಕೊಳ ‘ಸದ’ ಆ ಪಟ್ಟಿಯಲ್ಲಿರಲಿಲ್ಲ. ಅಂದರೆ ಅವಳು ಐದು ವರ್ಷ ತಡವಾಗಿ ಹುಟ್ಟಿದ್ದರೆ ಈ ಹೆಸರನ್ನು ಈ ಅಕ್ಷರದಲ್ಲಿ ಬರೆಸಿಕೊಳ್ಳಲು ನೋಂದಣಿ ಕಚೇರಿಯಲ್ಲಿ ಒಪ್ಪುತ್ತಿರಲಿಲ್ಲ. ತಂದೆ ತಾಯಿಗಳ ಅಸಮಾಧಾನ ಹೆಚ್ಚಾಗಿ, 1951ರಲ್ಲಿ ಸರ್ಕಾರ ಹೆಸರುಗಳಿಗೆಂದೇ 92 ಕಂಜಿಗಳ ಇನ್ನೊಂದು ಪಟ್ಟಿಯನ್ನು ಹೊರಡಿಸಿತು. ಆ 92ರಲ್ಲಿ ಶುಭಶಕುನದ ಈ ಅಕ್ಷರ ಮರಳಿ ಬಂತು. ಅದೇ 92ರಲ್ಲಿ ಇನ್ನೊಂದು ಅಕ್ಷರವೂ ಇದೆ: ತ್ಸುರು, ಕೊಕ್ಕರೆ.

ಲೇಖನದಲ್ಲಿ ಹೆಸರನ್ನು ಬರೆದ ರೀತಿಯ ಬಗ್ಗೆಯೂ ಒಂದು ಮಾತು. ‘ಸಡಾಕೋ’ ಎಂಬುದು ಇಂಗ್ಲಿಷಿನ ಮೂಲಕ ಬಂದ ರೂಪ. ಜಪಾನಿಯಲ್ಲಿ ಟ, ಡ ಇಲ್ಲ. ಇರುವುದು ನಮ್ಮ ತ, ದಗಳಿಗೆ ಹತ್ತಿರದ ಧ್ವನಿ. ಸ್ವರಗಳು ಮೂರೂ ಹ್ರಸ್ವ: ಸ, ದ, ಕೊ. ಹಿಂದಿಯಲ್ಲಿ ಬರೆಯುವವರಿಗೆ ಹ್ರಸ್ವ ‘ಒ’ ಇಲ್ಲದೆ ತೊಂದರೆ. ಕನ್ನಡಕ್ಕೆ ಅದು ಇದೆ. ಇಂಗ್ಲಿಷಿನವರು ದೀರ್ಘಕ್ಕೆ ಅಕ್ಷರದ ಮೇಲೆ ಗೆರೆ ಎಳೆಯಬೇಕು; ನಮಗೆ ಅದೂ ಬೇಡ. ಜಪಾನಿ ಹೆಸರನ್ನು ಇರುವಂತೆಯೇ ಬರೆಯಬಲ್ಲ ಲಿಪಿ ಕೈಯಲ್ಲಿದ್ದೂ ಇಂಗ್ಲಿಷಿನ ಕಾಗುಣಿತವನ್ನು ಕನ್ನಡಕ್ಕೆ ಇಳಿಸುವುದು ನನಗೆ ಬೇಸರದ ಸಂಗತಿ. ಹಿರೋಶಿಮಾ, ಟೋಕಿಯೋಗಳು ನೂರು ವರ್ಷದಿಂದ ಹೀಗೆಯೇ ರೂಢಿಯಾಗಿವೆ, ಅವುಗಳ ಗೊಡವೆಗೆ ನಾನು ಹೋಗುವುದಿಲ್ಲ, ಈ ಪತ್ರದಲ್ಲಿಯೂ ಹೋಗಿಲ್ಲ. ಒಬ್ಬ ಹುಡುಗಿಯ ಹೆಸರನ್ನು ಮಾತ್ರ ಅವಳ ತಾಯಿ ಕರೆದಂತೆ ‘ಸದಕೊ’ ಎಂದು ಬರೆಯಬಹುದಲ್ಲ. ಮನೆತನದ ಹೆಸರು ಮೊದಲು ಬರಬೇಕು, ಸಸಕಿ ಸದಕೊ ಎಂದು. ಜಪಾನ್ ಸರ್ಕಾರವೂ 2020ರಿಂದ ತನ್ನ ಕಡತಗಳಲ್ಲಿ ರೋಮನ್ ಅಕ್ಷರದಲ್ಲಿ ಬರೆಯುವಾಗಲೂ ಇದೇ ಕ್ರಮವನ್ನು ಪಾಲಿಸುತ್ತಿದೆ.

ಅವಳು 644 ಕೊಕ್ಕರೆ ಮಡಿಸುವಷ್ಟರಲ್ಲಿ ತೀರಿಕೊಂಡಳು, ಉಳಿದವನ್ನು ಗೆಳತಿಯರು ಮಡಿಸಿದರು ಎಂದೂ ಲೇಖನದಲ್ಲಿದೆ. ಇದು ಕಥೆಯಾಗಿ ಹಬ್ಬಿದ ಮಾತು. ಅವಳ ಅಣ್ಣ ಹೇಳುವಂತೆ ಸಾವಿರ ಮುಗಿದಿತ್ತು, ಮುಗಿದ ಮೇಲೂ ಮಡಿಸುತ್ತಿದ್ದಳು. ಔಷಧದ ಪೊಟ್ಟಣದ ಕಾಗದದಲ್ಲಿ, ಕೈಗೆ ಸಿಗದಷ್ಟು ಸಣ್ಣವನ್ನು ಸೂಜಿಯ ತುದಿಯಿಂದ.

ನಾನು ಹಿರೋಶಿಮಾಕ್ಕೆ ಹೋದದ್ದು ಒಂದೇ ಸಲ. ಶಾಂತಿ ಉದ್ಯಾನದಲ್ಲಿ ಒಂಬತ್ತು ಮೀಟರ್ ಎತ್ತರದ ಸ್ಮಾರಕದ ತುದಿಯಲ್ಲಿ ಒಬ್ಬ ಹುಡುಗಿ ಎರಡೂ ಕೈಯೆತ್ತಿ ಕೊಕ್ಕರೆಯನ್ನು ಹಿಡಿದು ನಿಂತಿದ್ದಾಳೆ. ಸದಕೊಳ ಸಹಪಾಠಿಗಳು ಶುರುಮಾಡಿದ ಸಂಗ್ರಹಕ್ಕೆ ಜಪಾನಿನ 3,100ಕ್ಕೂ ಹೆಚ್ಚು ಶಾಲೆಗಳ ಮತ್ತು ಒಂಬತ್ತು ಹೊರದೇಶಗಳ ಮಕ್ಕಳು ಹಣ ಕಳಿಸಿ, 1958ರ ಮೇ 5ರಂದು, ಜಪಾನಿನ ಮಕ್ಕಳ ದಿನದಂದೇ ಅನಾವರಣಗೊಂಡ ಸ್ಮಾರಕ ಅದು. ಸುತ್ತಲಿನ ಗಾಜಿನ ಗೂಡುಗಳಲ್ಲಿ ಬಣ್ಣಬಣ್ಣದ ಕೊಕ್ಕರೆಗಳ ಸರಗಳು ನಮ್ಮ ಹೂವಿನಂಗಡಿಯ ಮಾಲೆಗಳಂತೆ ಒತ್ತೊತ್ತಾಗಿ ತೂಗುತ್ತಿದ್ದವು. ನಾನು ಬಹಳ ಹೊತ್ತು ನಿಂತು ಅವಳ ಹೆಸರಿನ ಹದಿಮೂರು ಗೆರೆಗಳಿಗಾಗಿ ಸ್ಮಾರಕದ ಹೆಸರಿನಲ್ಲಿ ಹುಡುಕಿದೆ. ಅದು ಅಲ್ಲಿಲ್ಲ. ‘ಗೆಂಬಕು ನೊ ಕೊ ನೊ ಜೋ’ ಎಂಬುದು ಆ ಸ್ಮಾರಕದ ಜಪಾನಿ ಹೆಸರು. ಅಣುಬಾಂಬಿನ ಮಕ್ಕಳ ವಿಗ್ರಹ ಎಂದರ್ಥ. ಬಾಂಬಿಗೆ ಬಲಿಯಾದ ಎಲ್ಲ ಮಕ್ಕಳಿಗೂ ಸೇರಿದ್ದರಿಂದ ಅದಕ್ಕೆ ಒಬ್ಬಳ ಹೆಸರಿಟ್ಟಿಲ್ಲ. ಸದಕೊ ಎಂಬ ಹೆಸರಿನಿಂದ ಅಲ್ಲಿ ಉಳಿದಿರುವುದು ಮೂರು ಗೆರೆಗಳ ಆ ‘ಕೊ’ ಒಂದೇ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಮಕ್ಕಳ ಪುಟದಲ್ಲಿ ಅದೇ ಹಳದಿ ಚೌಕದಷ್ಟು ಜಾಗದಲ್ಲಿ ತಿದ್ದುಪಡಿ ಹಾಕಿ: ಹೆಸರು ಸದಕೊ; ಅರ್ಥ ಶುಭಶಕುನದ ಮಗು; ಅಕ್ಷರ ಚೀನಾದ್ದು, ಉಚ್ಚಾರಣೆ ಜಪಾನಿನದು, ಸಂಸ್ಕೃತದ್ದಲ್ಲ. ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದರೆ ಮಕ್ಕಳು ನೋಡುವುದಿಲ್ಲ. ಪಕ್ಕದ ಮನೆಯ ಹುಡುಗಿ ತನ್ನ ಚಾರ್ಟಿನಲ್ಲಿ ಆ ಜಾಗವನ್ನು ಖಾಲಿ ಬಿಟ್ಟುಕೊಂಡು ಕಾಯುತ್ತಿದ್ದಾಳೆ. ಅಚ್ಚು ಹಾಕಲು ಅನುಕೂಲವಾಗಲೆಂದು ಎರಡು ಕಂಜಿಗಳನ್ನೂ ಕುಂಚದಿಂದ ದೊಡ್ಡದಾಗಿ ಬರೆದ ಕಾರ್ಡೊಂದನ್ನು ಈ ಲಕೋಟೆಯಲ್ಲಿಟ್ಟಿದ್ದೇನೆ. ತಲೆಕೆಳಗಾಗದಿರಲೆಂದು, ಯಾವ ಕಡೆ ಮೇಲೆ ಬರಬೇಕೆಂಬುದನ್ನು ಕಾರ್ಡಿನ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬಾಣ ಹಾಕಿ ತೋರಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಜಪಾನಿ ಭಾಷೆಯ ಒಬ್ಬ ಅಧ್ಯಾಪಕಿ,
ಮೈಸೂರು